ವೀರಯೋಧ ಮೇಜರ್ ಸಂದೀಪ್ ಉನ್ನಿಕೃಷ್ಣನ್ – ಒಂದು ಸ್ಮರಣೆ

ತುಳುನಾಡು ಮತ್ತು ಉತ್ತರ ಮಲಬಾರು ಕೂಡುವ ಕಾಸರಗೋಡಿನ ಮಣ್ಣಿನಲ್ಲಿ ವೀರರ ಸ್ಮರಣೆಯು ದೇವತಾರಾಧನೆಯ ಒಂದು ಅಂಗವಾಗಿಯೇ ಬೆಳೆದು ಬಂದಿದೆ. ಅವಳಿ ವೀರರಾದ ಕೋಟಿ ಚೆನ್ನಯರು ರಣರಂಗದಲ್ಲಿ ಮಡಿದು ಗರಡಿಗಳಲ್ಲಿ ನೆಲೆಯಾದರು. ಮಾಂಗಾಡಿನ ಮಂದಪ್ಪ ಚೇಕವರ್ ಎಂಬ ತರುಣ ಕೊಡಗಿನ ಕಾಳಗದಲ್ಲಿ ಪ್ರಾಣ ತೆತ್ತು, ಕದಿವನೂರು ವೀರನ್ ಎಂಬ ತೆಯ್ಯವಾಗಿ ಇಂದಿಗೂ ಭಕ್ತರಿಗೆ ಅಭಯ ನೀಡುತ್ತಿದ್ದಾನೆ. ಘಟ್ಟದ ಮೇಲಿನ ಕನ್ನಡ ನಾಡಿನಲ್ಲಿ ಊರಿನ ತುರುಗಳನ್ನು ಕಾಯಲು ಹೋಗಿ ಸತ್ತವನಿಗೂ ವೀರಗಲ್ಲು ನಿಲ್ಲಿಸಿದ್ದಾರೆ. ಗೆದ್ದು ರಾಜ್ಯವಾಳಿದ ಅದೆಷ್ಟೋ ಅರಸರ ಹೆಸರು ಜನರ ನಾಲಗೆಯಿಂದ ಮಾಸಿ ಹೋಗಿದೆ. ನಂಬಿದವರಿಗಾಗಿ ಜೀವ ಕೊಟ್ಟವರ ಹೆಸರು ಮಾತ್ರ ಉಳಿದುಕೊಂಡಿದೆ. ಆದುದರಿಂದ ದೇವರ ಉತ್ಸವದ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಕಾಲದ ಓರ್ವ ವೀರನನ್ನು ನೆನೆಯುವುದು ಉಚಿತವೇ ಸರಿ.

ಆ ವೀರನೇ ಅಶೋಕ ಚಕ್ರ ಪುರಸ್ಕೃತ ಮೇಜರ್ ಸಂದೀಪ್ ಉನ್ನಿಕೃಷ್ಣನ್. 2008ರ ನವೆಂಬರ್ 28ರಂದು ಮುಂಬಯಿಯ ತಾಜ್ ಮಹಲ್ ಹೋಟೇಲಿನಲ್ಲಿ ಭಯೋತ್ಪಾದಕರೊಂದಿಗೆ ಹೋರಾಡುತ್ತಾ ವೀರಸ್ವರ್ಗ ಸೇರಿದಾಗ ಅವರಿಗೆ ಕೇವಲ 31 ವರ್ಷ ಪ್ರಾಯ. ಅವರು ಮಡಿದ ಬಗೆ ದೇಶಕ್ಕೆಲ್ಲ ಗೊತ್ತು. ಅವರು ಬದುಕಿದ ಬಗೆ ಎಂತಹದು ಎಂಬುದು ಅಷ್ಟಾಗಿ ತಿಳಿದಿಲ್ಲ. ಆ ಬದುಕನ್ನು ಅರಿಯದೆ ಈ ಮರಣದ ಅರ್ಥವಾಗುವುದಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ಸಂದೀಪ್ ಜನಿಸಿದ್ದು 1977ರ ಮಾರ್ಚ್ 15ರಂದು, ಕಲ್ಲಿಕೋಟೆಯಲ್ಲಿ. ತಂದೆ ಕೆ. ಉನ್ನಿಕೃಷ್ಣನ್ ಅವರು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಇಸ್ರೋದಲ್ಲಿ ಉದ್ಯೋಗಿಯಾಗಿದ್ದರು. ತಾಯಿ ಧನಲಕ್ಷ್ಮಿ. ದಂಪತಿಗಳಿಗೆ ಇವರೊಬ್ಬರೇ ಮಗ. ಕುಟುಂಬ ನೆಲೆ ನಿಂತದ್ದು ಬೆಂಗಳೂರಿನಲ್ಲಿ. ಮನೆಯೊಳಗೆ ಮಲಯಾಳ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಇಂತಹ ವಾತಾವರಣದಲ್ಲಿ ಬೆಳೆಯುವ ಮಕ್ಕಳ ಪರಿಚಯ ಕಾಸರಗೋಡಿನವರಿಗೆ ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ.

ಬೆಂಗಳೂರಿನ ಫ್ರಾಂಕ್ ಆಂಟನಿ ಪಬ್ಲಿಕ್ ಶಾಲೆಯಲ್ಲಿ ಅವರು 14 ವರ್ಷ ಕಲಿತು, 1995ರಲ್ಲಿ ವಿಜ್ಞಾನ ವಿಭಾಗದಲ್ಲಿ ತೇರ್ಗಡೆಯಾದರು. ಆಟೋಟಗಳಲ್ಲಿ ಮುಂದು, ಶಾಲೆಯ ಗಾಯನ ತಂಡದಲ್ಲೂ ಇದ್ದವರು. ಸೈನ್ಯಕ್ಕೆ ಸೇರಬೇಕೆಂಬ ಹಂಬಲ ಚಿಕ್ಕಂದಿನಿಂದಲೇ ಇತ್ತು. ಶಾಲೆಗೆ ಹೋಗುವಾಗಲೇ ಸಿಪಾಯಿಗಳಂತೆ ತಲೆಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಳ್ಳುತ್ತಿದ್ದರು. ತಂದೆಯ ಉದ್ಯೋಗವನ್ನು ನೋಡಿದರೆ ಇಂಜಿನಿಯರ್ ಆಗುವ ದಾರಿ ಕಣ್ಣೆದುರೇ ಇತ್ತು. ಒಬ್ಬನೇ ಮಗನನ್ನು ಸೈನ್ಯಕ್ಕೆ ಕಳುಹಿಸುವುದೆಂದರೆ ಹೆತ್ತವರ ಪಾಲಿಗೆ ಸಣ್ಣ ಸಂಗತಿಯಲ್ಲ. ಆದರೂ ಮಗ ಆರಿಸಿಕೊಂಡ ದಾರಿಯಲ್ಲಿಯೇ ಅವರನ್ನು ಕಳುಹಿಸಿಕೊಟ್ಟರು.

1995ರಲ್ಲಿ ಸಂದೀಪ್ ಪುಣೆಯ ಬಳಿಯ ಖಡಕ್‌ವಾಸ್ಲದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರಿದರು. 'ಸೇವಾ ಪರಮೋ ಧರ್ಮಃ' ಎಂಬುದು ಆ ಸಂಸ್ಥೆಯ ಧ್ಯೇಯವಾಕ್ಯ. ಅಲ್ಲಿಯ ಓಸ್ಕರ್ ಸ್ಕ್ವಾಡ್ರನ್ನಿನಲ್ಲಿ ಅವರ ಜೊತೆ ಇದ್ದ ಗೆಳೆಯರು ಅವರ ಬಗ್ಗೆ ಹೇಳುವ ಮಾತು ಒಂದೇ: ತನ್ನದೆಂಬ ಸ್ವಾರ್ಥವಿಲ್ಲ, ಕೊಡುವ ಕೈ, ಎಂತಹ ಸಂದರ್ಭದಲ್ಲೂ ಕಲಕದ ಮನಸ್ಸು. ಕಠಿಣ ತರಬೇತಿಯ ಸ್ಥಳದಲ್ಲಿ ಮನುಷ್ಯನ ನಿಜ ಸ್ವಭಾವ ಬಹುಬೇಗ ಬಯಲಾಗುತ್ತದೆ. ಅಲ್ಲಿ ದೊರೆತ ಹೆಸರಿಗೆ ಬೆಲೆಯಿದೆ.

ಸೈನಿಕ ಜೀವನ

1999ರ ಜೂನ್ 12ರಂದು ಅವರು ಬಿಹಾರ ರೆಜಿಮೆಂಟಿನ 7ನೇ ಬೆಟಾಲಿಯನ್ನಿಗೆ ಲೆಫ್ಟಿನೆಂಟ್ ಆಗಿ ನಿಯುಕ್ತರಾದರು. ಆಗ ಕಾರ್ಗಿಲ್ ಯುದ್ಧ ನಡೆಯುತ್ತಿದ್ದ ಸಮಯ. ಹೊಸ ಅಧಿಕಾರಿಗೆ ಊರು ಮನೆ ನೋಡಿ ನಿಧಾನವಾಗಿ ಕೆಲಸ ಕಲಿಯುವ ಅವಕಾಶ ದೊರೆಯಲಿಲ್ಲ. ಜುಲೈ ತಿಂಗಳಲ್ಲೇ ಶತ್ರುಗಳ ಫಿರಂಗಿ ಗುಂಡುಗಳು ಬೀಳುವ ಮುಂಚೂಣಿಯ ನೆಲೆಗಳಲ್ಲಿ ಅವರು ಕರ್ತವ್ಯ ನಿರ್ವಹಿಸಿದರು. ಅದೇ ವರ್ಷದ ಡಿಸೆಂಬರ್ 31ರ ಸಂಜೆ ಆರು ಮಂದಿ ಜವಾನರನ್ನು ಕರೆದುಕೊಂಡು ಹೋಗಿ, ಎದುರಾಳಿಗಳ ದೃಷ್ಟಿಗೆ ಬೀಳುವಂತಹ ಜಾಗದಲ್ಲಿ, ಅವರಿಂದ 200 ಮೀಟರ್ ದೂರದಲ್ಲಿ ಒಂದು ಕಾವಲು ಠಾಣೆಯನ್ನು ಸ್ಥಾಪಿಸಿದರು. ಆಗ ಅವರಿಗೆ 22 ವರ್ಷ. ನಮ್ಮ ಊರುಗಳಲ್ಲಿ ಆ ಪ್ರಾಯದ ಹುಡುಗರನ್ನು ಪೇಟೆಗೆ ಒಂಟಿಯಾಗಿ ಕಳುಹಿಸುವಾಗಲೂ ತಾಯಂದಿರು ಹತ್ತು ಮಾತು ಹೇಳಿ ಕಳುಹಿಸುತ್ತಾರೆ.

ಭಾರತೀಯ ಸೈನ್ಯದ ಒಂದು ಪದ್ಧತಿಯನ್ನು ಇಲ್ಲಿ ತಿಳಿದುಕೊಳ್ಳುವುದು ಒಳ್ಳೆಯದು. ಒಬ್ಬ ಅಧಿಕಾರಿ ಯಾವ ಊರಿನವನೇ ಇರಲಿ, ಯಾವ ಮತದವನೇ ಇರಲಿ, ತನ್ನ ಕೈಕೆಳಗಿನ ಜವಾನರ ಭಾಷೆಯನ್ನು ಕಲಿಯಬೇಕು. ಅವರ ದೇವರ ಪೂಜೆಯಲ್ಲಿ ಅವರೊಂದಿಗೆ ನಿಲ್ಲಬೇಕು. ಬಿಹಾರ ರೆಜಿಮೆಂಟಿನಲ್ಲಿ ಬಿಹಾರ, ಝಾರ್ಖಂಡ, ಒಡಿಶಾ ಮೊದಲಾದ ಕಡೆಯ ಜವಾನರಿದ್ದಾರೆ. 'ಜೈ ಬಜರಂಗ ಬಲಿ', 'ಬಿರ್ಸಾ ಮುಂಡಾ ಕೀ ಜೈ' ಎಂಬುದು ಅವರ ರಣಘೋಷ. ಕಲ್ಲಿಕೋಟೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಯುವಕ ಆ ಘೋಷವನ್ನು ತನ್ನದಾಗಿ ಮಾಡಿಕೊಂಡರು. ಅದರಿಂದ ಅವರ ಮನೆಯ ಮಲಯಾಳವೂ ಕಡಿಮೆಯಾಗಲಿಲ್ಲ, ಬೀದಿಯ ಕನ್ನಡವೂ ಕಡಿಮೆಯಾಗಲಿಲ್ಲ.

2003ರಲ್ಲಿ ಕ್ಯಾಪ್ಟನ್ ಆಗಿಯೂ 2005ರಲ್ಲಿ ಮೇಜರ್ ಆಗಿಯೂ ಅವರಿಗೆ ಬಡ್ತಿ ದೊರೆಯಿತು. ಬೆಳಗಾವಿಯಲ್ಲಿರುವ ಪದಾತಿ ಶಾಲೆಯ ಕಮಾಂಡೊ ವಿಭಾಗದಲ್ಲಿ ನಡೆಯುವ 'ಘಾತಕ್' ತರಬೇತಿಯು ಸೈನ್ಯದ ಅತ್ಯಂತ ಕಠಿಣ ತರಬೇತಿಗಳಲ್ಲಿ ಒಂದೆಂದು ಹೆಸರಾದುದು. ಅದರಲ್ಲಿ ಅವರು ಅಗ್ರಸ್ಥಾನ ಪಡೆದರು. ಗುಲ್ಮಾರ್ಗ್‌ನಲ್ಲಿ ಹಿಮಪರ್ವತಗಳ ಯುದ್ಧದ ತರಬೇತಿಯನ್ನೂ ಪಡೆದರು. ಬಳಿಕ 2007ರ ಜನವರಿಯಲ್ಲಿ ರಾಷ್ಟ್ರೀಯ ಭದ್ರತಾ ದಳಕ್ಕೆ, ಅಂದರೆ ಎನ್.ಎಸ್.ಜಿ.ಗೆ ಆಯ್ಕೆಯಾದರು. 1984ರಲ್ಲಿ ಸ್ಥಾಪನೆಯಾದ ಈ ದಳದಲ್ಲಿ ಸೈನ್ಯದಿಂದ ಆರಿಸಿದವರ ವಿಶೇಷ ಕಾರ್ಯಾಚರಣೆ ಗುಂಪುಗಳಿವೆ. ಒತ್ತೆಯಾಳುಗಳನ್ನು ಬಿಡಿಸುವುದು, ಭಯೋತ್ಪಾದಕರನ್ನು ಎದುರಿಸುವುದು ಅವುಗಳ ಕೆಲಸ. ಅಂತಹ 51ನೇ ಗುಂಪಿನಲ್ಲಿ ಸಂದೀಪ್ ತರಬೇತಿ ಅಧಿಕಾರಿಯಾದರು. ಇತರರಿಗೆ ಕಲಿಸುವವನು ತಾನೇ ಮೊದಲು ಮಾಡಿ ತೋರಿಸಬೇಕಾಗುತ್ತದೆ.

ಸ್ವಭಾವ

ಸಂದೀಪ್ ಅವರು ಗೆಲುವನ್ನು ಬಯಸುತ್ತಿದ್ದವರು. ಕ್ರಿಕೆಟ್ ಆಟಗಾರ ಸಚಿನ್ ತೆಂಡೂಲ್ಕರ್ ಎಂದರೆ ಅವರಿಗೆ ಬಹಳ ಪ್ರೀತಿ. ಭಾರತ ಪ್ರತಿಯೊಂದು ಪಂದ್ಯದಲ್ಲೂ ಗೆಲ್ಲಬೇಕು, ಸೋತರೆ ಮುಖ ಬಾಡುತ್ತಿತ್ತು. ಆದರೆ ಇಸ್ರೋದ ಯಾವುದಾದರೂ ಯೋಜನೆ ವಿಫಲವಾಗಿ ತಂದೆ ಮನನೊಂದು ಮನೆಗೆ ಬಂದಾಗ, ತಂದೆಗೆ ಸಮಾಧಾನ ಹೇಳುತ್ತಿದ್ದವನು ಈ ಮಗನೇ. ಇದನ್ನು ಅವರ ತಂದೆಯವರೇ ಮಗನ ಮರಣಾನಂತರ ಪತ್ರಿಕೆಯವರಲ್ಲಿ ಹೇಳಿಕೊಂಡಿದ್ದಾರೆ. ತನ್ನ ದುಃಖವನ್ನು ನುಂಗಿ ಪಕ್ಕದವನ ದುಃಖವನ್ನು ನೋಡುವ ಗುಣ ಸಣ್ಣಂದಿನಿಂದಲೇ ಇತ್ತೆಂಬುದಕ್ಕೆ ಇದೊಂದು ಸಾಕ್ಷಿ.

ಇನ್ನೊಂದು ಸಂಗತಿ. ಒಳ್ಳೆಯ ಸಂಬಳ ಬರುತ್ತಿದ್ದರೂ ಮಗನ ಬ್ಯಾಂಕ್ ಖಾತೆಯಲ್ಲಿ ಹೆಚ್ಚಿನ ಹಣ ಇರಲಿಲ್ಲ. ಆ ಹಣ ಹಲವು ಧರ್ಮಾರ್ಥ ಸಂಸ್ಥೆಗಳಿಗೆ ಹೋಗುತ್ತಿತ್ತೆಂಬ ವಿಷಯ ತಂದೆಗೆ ತಿಳಿದದ್ದು ಮಗ ತೀರಿದ ಮೇಲೆ. ಬದುಕಿರುವಾಗ ಈ ವಿಚಾರವನ್ನು ಮನೆಯಲ್ಲೂ ಆಡಿಕೊಂಡವರಲ್ಲ. ದಾನ ಮಾಡಿದರೆ ಶಿಲಾಫಲಕದಲ್ಲಿ ಹೆಸರು ಬರಬೇಕು, ರಶೀದಿ ಪುಸ್ತಕದಲ್ಲಿ ಮೊದಲ ಪುಟವೇ ಬೇಕು ಎನ್ನುವ ಈ ಕಾಲದಲ್ಲಿ ಇದು ಎಲ್ಲರೂ ಚಿಂತಿಸಬೇಕಾದ ವಿಷಯ.

ಡೆಹ್ರಾಡೂನಿನ ಭಾರತೀಯ ಸೈನಿಕ ಅಕಾಡೆಮಿಯಲ್ಲಿ 1932ರಲ್ಲಿ ಸೇನಾಪತಿ ಚೆಟ್‌ವುಡ್ ಮಾಡಿದ ಭಾಷಣದ ಸಾರವನ್ನು ಅಲ್ಲಿಯ ಸಭಾಂಗಣದಲ್ಲಿ ಕೆತ್ತಿಸಿದ್ದಾರೆ. ದೇಶದ ಹಿತ ಮೊದಲು. ಕೈಕೆಳಗಿನ ಸೈನಿಕರ ಹಿತ ಎರಡನೆಯದು. ಅಧಿಕಾರಿಯ ಸ್ವಂತ ಸುಖ ಮತ್ತು ಸುರಕ್ಷೆ ಎಂದೆಂದಿಗೂ ಕೊನೆಯದು. ಇದು ಅದರ ಭಾವ. ಇಂತಹ ಮಾತುಗಳನ್ನು ಗೋಡೆಯಲ್ಲಿ ಬರೆಯುವುದು ಸುಲಭ, ಪರೀಕ್ಷೆಗಾಗಿ ಬಾಯಿಪಾಠ ಮಾಡುವುದೂ ಸುಲಭ. ಸಂದೀಪ್ ಅವರಿಗೆ ಆ ಪರೀಕ್ಷೆ ಬಂದದ್ದು ಮುಂಬಯಿಯಲ್ಲಿ.

ಮುಂಬಯಿಯ ಆ ರಾತ್ರಿ

2008ರ ನವೆಂಬರ್ 26ರ ರಾತ್ರಿ ಹತ್ತು ಮಂದಿ ಪಾಕಿಸ್ತಾನಿ ಭಯೋತ್ಪಾದಕರು ಸಮುದ್ರ ಮಾರ್ಗವಾಗಿ ಮುಂಬಯಿಗೆ ಬಂದಿಳಿದರು. ಛತ್ರಪತಿ ಶಿವಾಜಿ ರೈಲ್ವೆ ನಿಲ್ದಾಣ, ಲಿಯೊಪೋಲ್ಡ್ ಕೆಫೆ, ಕಾಮಾ ಆಸ್ಪತ್ರೆ, ಒಬೆರಾಯ್ ಟ್ರೈಡೆಂಟ್ ಹೋಟೇಲು, ನರಿಮನ್ ಹೌಸ್ ಹಾಗೂ ತಾಜ್ ಮಹಲ್ ಹೋಟೇಲುಗಳಲ್ಲಿ ಹತ್ಯಾಕಾಂಡ ನಡೆಸಿದರು. ಒಟ್ಟು 166 ಮಂದಿ ಪ್ರಾಣ ಕಳೆದುಕೊಂಡರು. ಕಾಸರಗೋಡು, ಮಂಗಳೂರು, ಉಡುಪಿ ಕಡೆಯ ಸಾವಿರಾರು ಕುಟುಂಬಗಳಿಗೆ ಮುಂಬಯಿ ಎಂಬುದು ಅನ್ನ ಕೊಟ್ಟ ಊರು. ಹೋಟೇಲು, ಅಂಗಡಿ, ಕಚೇರಿಗಳಲ್ಲಿ ದುಡಿಯುವ ನಮ್ಮವರ ಕ್ಷೇಮ ವಿಚಾರಿಸಲು ಊರಿನ ಮನೆಗಳಲ್ಲಿ ಅಂದು ಫೋನ್ ಹಿಡಿದು ಕುಳಿತವರೆಷ್ಟೋ ಮಂದಿ.

ಎನ್.ಎಸ್.ಜಿ.ಯ ನೆಲೆ ಆಗ ಹರಿಯಾಣದ ಮಾನೇಸರದಲ್ಲಿ ಮಾತ್ರ ಇತ್ತು. ಅಲ್ಲಿಂದ ದಿಲ್ಲಿಗೆ ಬಂದು ವಿಮಾನ ಹತ್ತಿ ಕಮಾಂಡೊಗಳು ಮುಂಬಯಿ ತಲುಪುವಾಗ 27ರ ಮುಂಜಾನೆಯಾಗಿತ್ತು. ಈ ವಿಳಂಬದಿಂದ ಪಾಠ ಕಲಿತು 2009ರಲ್ಲಿ ಮುಂಬಯಿ, ಚೆನ್ನೈ, ಕೊಲ್ಕತ್ತಾ ಮತ್ತು ಹೈದರಾಬಾದುಗಳಲ್ಲಿಯೂ ದಳದ ಕೇಂದ್ರಗಳನ್ನು ತೆರೆಯಲಾಯಿತು.

1903ರಲ್ಲಿ ಪ್ರಾರಂಭವಾದ ತಾಜ್ ಹೋಟೇಲು ನೂರಾರು ಕೋಣೆಗಳ, ಸುತ್ತು ಬಳಸಿನ ಓಣಿಗಳ ಹಳೆಯ ಕಟ್ಟಡ. ಒಳಗೆ ಬೆಂಕಿ ಮತ್ತು ಹೊಗೆ. ಬಾಗಿಲು ಮುಚ್ಚಿಕೊಂಡು ಉಸಿರು ಬಿಗಿ ಹಿಡಿದು ಕುಳಿತ ಅತಿಥಿಗಳು, ಕೆಲಸಗಾರರು. ಅವರ ನಡುವೆ ಎಲ್ಲಿ ಅಡಗಿದ್ದಾರೆಂದು ತಿಳಿಯದ ನಾಲ್ವರು ಭಯೋತ್ಪಾದಕರು. ಬಾಂಬು ಹಾಕಿ ಮುಗಿಸುವ ಯುದ್ಧ ಇದಲ್ಲ. ಒಂದೊಂದೇ ಕೋಣೆಯ ಬಾಗಿಲು ತೆರೆಯಬೇಕು, ಒಳಗಿರುವವರು ನಿರಪರಾಧಿಗಳೋ ಕೊಲೆಗಡುಕರೋ ಎಂದು ಕ್ಷಣದೊಳಗೆ ತಿಳಿಯಬೇಕು.

ಈ ಕಾರ್ಯದಲ್ಲಿ ಮೇಜರ್ ಸಂದೀಪ್ ಒಂದು ತಂಡದ ನಾಯಕರಾಗಿದ್ದರು. ಅವರ ತಂಡ 14 ಮಂದಿ ಒತ್ತೆಯಾಳುಗಳನ್ನು ರಕ್ಷಿಸಿತೆಂದು ಅಶೋಕ ಚಕ್ರದ ಪ್ರಶಸ್ತಿ ಪತ್ರದಲ್ಲಿ ಹೇಳಲಾಗಿದೆ. 27ರ ರಾತ್ರಿ ಹೋಟೇಲಿನ ನಡುವಿನ ದೊಡ್ಡ ಮೆಟ್ಟಿಲುಗಳ ಮೂಲಕ ಮೇಲೇರಲು ಅವರು ನಿರ್ಧರಿಸಿದರು. ಆ ಜಾಗ ಮೇಲಿನಿಂದ ಗುಂಡು ಹಾರಿಸುವವನಿಗೆ ಅನುಕೂಲ, ಹತ್ತುವವನಿಗೆ ಅಪಾಯ ಎಂಬುದು ತರಬೇತಿ ಅಧಿಕಾರಿಯಾದ ಅವರಿಗೆ ತಿಳಿಯದ ವಿಚಾರವಲ್ಲ. ಆದರೆ ಮೇಲಿದ್ದ ಜನರನ್ನು ತಲುಪಬೇಕಾದರೆ ಕಾಯುತ್ತಾ ಕುಳಿತುಕೊಳ್ಳುವಂತಿರಲಿಲ್ಲ.

ನಿರೀಕ್ಷಿಸಿದಂತೆಯೇ ಗುಂಡಿನ ಸುರಿಮಳೆಯಾಯಿತು. ಜೊತೆಯಲ್ಲಿದ್ದ ಕಮಾಂಡೊ ತೀವ್ರವಾಗಿ ಗಾಯಗೊಂಡು ಬಿದ್ದರು. ಸಂದೀಪ್ ಗುರಿಯಿಟ್ಟು ಗುಂಡು ಹಾರಿಸಿ ಭಯೋತ್ಪಾದಕರನ್ನು ತಡೆದು ನಿಲ್ಲಿಸಿ, ಗಾಯಾಳುವನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಿದರು. ಹಾಗೆ ಮಾಡುವಾಗ ಅವರ ಬಲಗೈಗೂ ಗುಂಡೇಟು ತಗಲಿತು. ಅಲ್ಲಿಗೆ ಹಿಂದೆ ಸರಿದು ಚಿಕಿತ್ಸೆ ಪಡೆದಿದ್ದರೆ ಯಾರೂ ಒಂದು ಮಾತು ಆಡುತ್ತಿರಲಿಲ್ಲ. ಬಲಗೈಗೆ ಗುಂಡು ಬಿದ್ದ ಮನುಷ್ಯನಿಂದ ಇನ್ನೇನನ್ನು ಕೇಳಲು ಸಾಧ್ಯ? ಆದರೆ ಸಂದೀಪ್ ಮುಂದಕ್ಕೆ ಹೋದರು. ತಂಡದವರಿಗೆ ಅವರು ಕೊಟ್ಟ ಕೊನೆಯ ಆದೇಶ, ಎನ್.ಎಸ್.ಜಿ. ಅಧಿಕಾರಿಗಳು ಆ ಬಳಿಕ ತಿಳಿಸಿದ ಪ್ರಕಾರ, ಇಷ್ಟೇ: ಯಾರೂ ಮೇಲೆ ಬರಬೇಡಿ, ಅವರನ್ನು ನಾನು ನೋಡಿಕೊಳ್ಳುತ್ತೇನೆ.

ಈ ಮಾತಿನಲ್ಲಿ ಆವೇಶವಿಲ್ಲ, ಭಾಷಣವಿಲ್ಲ. ಮನೆಯ ಹಿರಿಯಣ್ಣ ಕಿರಿಯರನ್ನು ಹಿಂದಕ್ಕೆ ನಿಲ್ಲಿಸಿ ತಾನು ಮುಂದೆ ಹೋಗುವಾಗ ಹೇಳುವ ಮಾತಿನಂತಿದೆ ಅದು. ಭಯೋತ್ಪಾದಕರನ್ನು ಬೆನ್ನಟ್ಟಿ ಹೋಟೇಲಿನ ಉತ್ತರ ಭಾಗಕ್ಕೆ ಅಟ್ಟಿ, ಹೋರಾಡುತ್ತಲೇ ಅವರು ಪ್ರಾಣಾರ್ಪಣೆ ಮಾಡಿದರು. ಆ ಬಳಿಕ ನಾಲ್ವರಿಗೂ ಆ ಭಾಗದಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ನವೆಂಬರ್ 29ರ ಬೆಳಿಗ್ಗೆ ಅವರೆಲ್ಲರೂ ಹತರಾಗಿ ತಾಜ್ ಮುಕ್ತವಾಯಿತು. ನರಿಮನ್ ಹೌಸಿನ ಕಾರ್ಯಾಚರಣೆಯಲ್ಲಿ ಎನ್.ಎಸ್.ಜಿ.ಯ ಹವಾಲ್ದಾರ್ ಗಜೇಂದರ್ ಸಿಂಗ್ ವೀರಮರಣವನ್ನಪ್ಪಿದರು. ಬರಿಗೈಯಲ್ಲಿ ಕಸಬನ ಬಂದೂಕನ್ನು ಹಿಡಿದು ಅವನು ಸೆರೆಯಾಗುವಂತೆ ಮಾಡಿದ ಪೊಲೀಸ್ ಸಹಾಯಕ ಸಬ್ ಇನ್‌ಸ್ಪೆಕ್ಟರ್ ದರ್ಜೆಯ ತುಕಾರಾಮ್ ಓಂಬ್ಳೆಯವರ ಬಲಿದಾನವೂ ಮರೆಯತಕ್ಕದ್ದಲ್ಲ.

2009ರ ಜನವರಿ 26ರಂದು ಸಂದೀಪ್ ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರವನ್ನು ನೀಡಲಾಯಿತು. ರಣರಂಗದ ಶೌರ್ಯಕ್ಕೆ ಪರಮವೀರ ಚಕ್ರವಿರುವಂತೆ, ರಣರಂಗದ ಹೊರಗಿನ ಶೌರ್ಯಕ್ಕೆ ಇದುವೇ ದೇಶದ ಅತ್ಯುನ್ನತ ಗೌರವ. ರಾಷ್ಟ್ರಪತಿ ಪ್ರತಿಭಾ ಪಾಟೀಲರ ಕೈಯಿಂದ ತಾಯಿ ಧನಲಕ್ಷ್ಮಿ ಅದನ್ನು ಸ್ವೀಕರಿಸಿದರು. ಒಬ್ಬನೇ ಮಗನನ್ನು ಕೊಟ್ಟು ಒಂದು ಪದಕವನ್ನು ಪಡೆದ ತಾಯಿಯ ಮನಸ್ಸನ್ನು ವರ್ಣಿಸುವ ಶಕ್ತಿ ಯಾವ ಲೇಖನಿಗೂ ಇಲ್ಲ.

ಯಾವ ನಾಡಿನ ಮಗ?

ಸಂದೀಪ್ ತೀರಿಕೊಂಡಾಗ ಕೇರಳದವರು ಇವನು ನಮ್ಮ ಮಗ ಎಂದರು, ಕರ್ನಾಟಕದವರೂ ನಮ್ಮ ಮಗ ಎಂದರು. ಎರಡೂ ಸತ್ಯ. ಹುಟ್ಟಿದ್ದು ಕಲ್ಲಿಕೋಟೆಯಲ್ಲಿ, ಬೆಳೆದದ್ದು ಮತ್ತು ಸೈನಿಕ ಗೌರವಗಳೊಂದಿಗೆ ಅಂತ್ಯಸಂಸ್ಕಾರ ನಡೆದದ್ದು ಬೆಂಗಳೂರಿನಲ್ಲಿ. ಬೆಂಗಳೂರಿನ ಯಲಹಂಕದ ಕಡೆಯ ಒಂದು ರಸ್ತೆಗೆ ಇಂದು ಅವರ ಹೆಸರಿದೆ. 2022ರಲ್ಲಿ ತೆರೆಕಂಡ 'ಮೇಜರ್' ಎಂಬ ಅವರ ಜೀವನದ ಚಲನಚಿತ್ರವನ್ನು ತಯಾರಿಸಿದ್ದು ತೆಲುಗು ಮತ್ತು ಹಿಂದಿ ಭಾಷೆಗಳಲ್ಲಿ.

ಇವರಂತೆಯೇ ಇನ್ನೊಬ್ಬರು ಲೆಫ್ಟಿನೆಂಟ್ ಕರ್ನಲ್ ನಿರಂಜನ್. ಪಾಲಕ್ಕಾಡು ಜಿಲ್ಲೆಯ ಮೂಲದವರು, ಬೆಂಗಳೂರಿನಲ್ಲಿ ಬೆಳೆದವರು. ಎನ್.ಎಸ್.ಜಿ.ಯ ಬಾಂಬ್ ನಿಷ್ಕ್ರಿಯ ತಂಡದಲ್ಲಿದ್ದ ಅವರು 2016ರ ಜನವರಿ 3ರಂದು ಪಠಾಣ್‌ಕೋಟಿನಲ್ಲಿ ಮಡಿದರು. ಅವರ ಪಾರ್ಥಿವ ಶರೀರಕ್ಕೆ ಬೆಂಗಳೂರಿನಲ್ಲಿ ಜನರು ಅಂತಿಮ ನಮನ ಸಲ್ಲಿಸಿದರು. ಚಿತೆ ಉರಿದದ್ದು ಪಾಲಕ್ಕಾಡಿನ ಊರಿನಲ್ಲಿ. ಬೆಂಗಳೂರಿನವರೇ ಆದ ಕರ್ನಲ್ ವಸಂತ್ ವೇಣುಗೋಪಾಲ್ ಮರಾಠಾ ಲಘು ಪದಾತಿ ದಳದ 9ನೇ ಬೆಟಾಲಿಯನ್ನಿನ ಮುಖ್ಯಸ್ಥರಾಗಿದ್ದು, ಜವಾನರ ಹಿಂದೆ ನಿಲ್ಲದೆ ಮುಂದೆ ನಿಂತು 2007ರ ಜುಲೈ 31ರಂದು ಕಾಶ್ಮೀರದ ಉರಿಯಲ್ಲಿ ವೀರಮರಣವನ್ನಪ್ಪಿ ಅಶೋಕ ಚಕ್ರಕ್ಕೆ ಪಾತ್ರರಾದರು. ಕನ್ನಡ ನಾಡಿನ ಅಧಿಕಾರಿ, ಮರಾಠಿ ಜವಾನರು, ಕಾಶ್ಮೀರದ ನೆಲ.

ಗಡಿಯ ಕಷ್ಟಸುಖ ಕಾಸರಗೋಡಿನವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿದಿರಲಾರದು. 1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ ಮಾತು ಕಾಗದದಲ್ಲೇ ಉಳಿಯಿತು. ಕನ್ನಡ ಶಾಲೆಗಾಗಿ, ಕನ್ನಡದಲ್ಲಿ ಅರ್ಜಿ ಸಲ್ಲಿಸುವ ಹಕ್ಕಿಗಾಗಿ ಇಲ್ಲಿಯ ಕನ್ನಡಿಗರು ಪಟ್ಟ ಪಾಡು ನಿಜವಾದದ್ದು, ಆ ಬೇಡಿಕೆ ನ್ಯಾಯವಾದದ್ದು. 2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ಕಾಲಕ್ಕೆ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ಜೀವ ಬಿಟ್ಟ ರೋಗಿಗಳಲ್ಲಿ ಎಲ್ಲ ಭಾಷೆಯವರೂ ಇದ್ದರು. ಗಡಿ ಎಂಬುದು ಮನುಷ್ಯನಿಂದ ಏನನ್ನು ಕಸಿದುಕೊಳ್ಳಬಲ್ಲುದು ಎಂಬುದನ್ನು ಆ ದಿನಗಳು ತೋರಿಸಿಕೊಟ್ಟವು.

ತಾಜ್ ಹೋಟೇಲಿನ ಮುಚ್ಚಿದ ಬಾಗಿಲುಗಳ ಹಿಂದೆ ಇದ್ದವರು ಯಾವ ಭಾಷೆಯವರೆಂದು ಮೇಜರ್ ಸಂದೀಪ್ ಕೇಳಲಿಲ್ಲ. ಅವರು ಹೊತ್ತು ತಂದ ಗಾಯಾಳು ಉತ್ತರ ಭಾರತದವನೋ ದಕ್ಷಿಣದವನೋ ಎಂದು ನೋಡಲಿಲ್ಲ. ತಾಯ್ನುಡಿಯನ್ನು ಪ್ರೀತಿಸುವುದೂ ಅದರ ಹಕ್ಕಿಗಾಗಿ ಧ್ವನಿಯೆತ್ತುವುದೂ ನಮ್ಮ ಧರ್ಮ. ಆದರೆ ಕಷ್ಟದಲ್ಲಿರುವವನ ಬಾಗಿಲು ತಟ್ಟುವಾಗ ಅವನ ಭಾಷೆಯನ್ನು ಕೇಳುವುದು ಧರ್ಮವಲ್ಲ. ಸಪ್ತ ಭಾಷಾ ಸಂಗಮ ಭೂಮಿ ಎನಿಸಿಕೊಂಡ ಕಾಸರಗೋಡಿಗೆ ಈ ವೀರನ ಬದುಕಿನಿಂದ ದೊರೆಯುವ ಪಾಠ ಇದು. ಉತ್ಸವದ ದಿನ ದೇವರ ಬಲಿ ಹೊರಡುವಾಗ ಅಂಗಣದ ಸುತ್ತ ಕೈಮುಗಿದು ನಿಲ್ಲುವವರಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ ಮಾತಾಡುವವರೆಲ್ಲರೂ ಇರುತ್ತಾರೆ. ಅನ್ನಸಂತರ್ಪಣೆಯ ಪಂಕ್ತಿಯಲ್ಲಿ ಎಲೆ ಹಾಕುವವರು ಭಾಷೆ ಕೇಳಿ ಹಾಕುವುದಿಲ್ಲ.

ನಮ್ಮ ಕರ್ತವ್ಯ

ಕಾಸರಗೋಡು ಜಿಲ್ಲೆಯ ಅನೇಕ ಮನೆಗಳಿಂದ ಯುವಕರು ಸೈನ್ಯಕ್ಕೆ ಹೋಗಿದ್ದಾರೆ. ಅವರು ರಜೆಯಲ್ಲಿ ಬರುವಾಗ ಮಾತ್ರ ಊರಿಗೆ ಅವರ ನೆನಪಾಗುತ್ತದೆ. ಅವರ ತಂದೆ ತಾಯಂದಿರ ಔಷಧಿ, ಮನೆಯ ತೆರಿಗೆ, ಹಿತ್ತಿಲಿನ ತಕರಾರು ಇತ್ಯಾದಿಗಳಲ್ಲಿ ನೆರೆಕರೆಯವರು ಕೈಗೂಡಿಸಿದರೆ, ಗಡಿಯಲ್ಲಿ ನಿಂತವನ ಅರ್ಧ ಭಾರ ಇಳಿಯುತ್ತದೆ. ವರ್ಷಂಪ್ರತಿ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದು ಬಂದಿರುವ ಈ ದಿನ ಸಂಗ್ರಹವಾಗುವ ಹಣ ಮಾಜಿ ಸೈನಿಕರ ಮತ್ತು ಮಡಿದವರ ಕುಟುಂಬಗಳ ಕ್ಷೇಮಕ್ಕೆ ಹೋಗುತ್ತದೆ. ದೇವರ ಹುಂಡಿಗೆ ಹಾಕುವ ಕೈ ಆ ಪೆಟ್ಟಿಗೆಗೂ ಹಾಕಬೇಕು. ಉತ್ಸವಗಳ ಸಭಾ ವೇದಿಕೆಯಲ್ಲಿ ಶಾಲು ಹೊದಿಸುವಾಗ ಊರಿನ ಒಬ್ಬ ನಿವೃತ್ತ ಯೋಧನನ್ನೋ ಯೋಧನ ತಾಯಿಯನ್ನೋ ಮೊದಲು ಕರೆಯುವ ಸಂಪ್ರದಾಯ ಬಂದರೆ ಅದು ದೇವರು ಮೆಚ್ಚುವ ಕಾರ್ಯ.

ಸಂದೀಪ್ ಅವರಂತೆ ಪ್ರಾಣ ಕೊಡುವ ಸಂದರ್ಭ ಎಲ್ಲರಿಗೂ ಬರುವುದಿಲ್ಲ, ಬರುವುದೂ ಬೇಡ. ಆದರೆ ತಂದೆಗೆ ಸಮಾಧಾನ ಹೇಳಿದ ಮಗ, ಗುಪ್ತವಾಗಿ ದಾನ ಮಾಡಿದ ಗೃಹಸ್ಥ, ಬಿದ್ದ ಜೊತೆಗಾರನನ್ನು ಎತ್ತಿ ತಂದ ನಾಯಕ, ಈ ಮೂರರಲ್ಲಿ ಒಂದಾದರೂ ಆಗುವ ಅವಕಾಶ ಪ್ರತಿಯೊಬ್ಬನಿಗೂ ದಿನನಿತ್ಯ ದೊರೆಯುತ್ತದೆ. ಮೆಟ್ಟಿಲಿನ ಮೇಲೆ ಅವರು ತೋರಿಸಿದ ಧೈರ್ಯ ಆ ಒಂದು ರಾತ್ರಿ ಹುಟ್ಟಿದ್ದಲ್ಲ; 31 ವರ್ಷಗಳ ನಡತೆಯಿಂದ ಕೂಡಿಬಂದದ್ದು.

ಆ ವೀರಯೋಧನ ಆತ್ಮಕ್ಕೆ ಸದ್ಗತಿಯನ್ನೂ, ಅವರನ್ನು ಹೆತ್ತು ನಾಡಿಗೆ ಕೊಟ್ಟ ತಂದೆ ತಾಯಿಗೆ ಮನಃಶಾಂತಿಯನ್ನೂ, ಗಡಿ ಕಾಯುವ ಸಮಸ್ತ ಯೋಧರಿಗೆ ಆಯುರಾರೋಗ್ಯವನ್ನೂ ಶ್ರೀ ದೇವರು ಕರುಣಿಸಲಿ.